ಗ್ರಾಮಾಂತರಕ್ಕೆ ಏನೂ ಆಗುವುದಿಲ್ಲ ಎನ್ನುವವರಿಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವಿಪತ್ತಿನ ಮಾತು ತೆಗೆದರೆ, ಕಚೇರಿಯ ಮೇಜಿನಿಂದ ಹಿಡಿದು ಸೈಟು ಮಾರುವವರ ಬಾಯಿವರೆಗೆ ಕೇಳಿಬರುವ ಉತ್ತರ ಒಂದೇ: ನಮ್ಮ ಕಡೆ ಅಂಥದ್ದೇನೂ ಆಗುವುದಿಲ್ಲ. ಸಮುದ್ರ ದೂರ, ಚಂಡಮಾರುತದ ಭಯವಿಲ್ಲ. ಉಕ್ಕಿ ಹರಿಯುವ ದೊಡ್ಡ ನದಿಯಿಲ್ಲ. ಭೂಕಂಪದ ನಕ್ಷೆಯಲ್ಲಿ ಕಡಿಮೆ ಅಪಾಯದ ವಲಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು, ಹಿತವಾದ ಹವೆ. ಕೊಡಗಿನ ಹಾಗೆ ಗುಡ್ಡ ಜರಿಯುವುದಿಲ್ಲ, ಕೃಷ್ಣಾ ತೀರದ ಹಾಗೆ ಊರು ಮುಳುಗುವುದಿಲ್ಲ. ಹೀಗಿರುವಾಗ ಹಳ್ಳಿ ಹಳ್ಳಿಗೂ ಹೋಗಿ ಅಪಾಯದ ಲೆಕ್ಕ ಹಾಕುವ ದರ್ದು ಯಾರಿಗೆ, ಯಾಕೆ?

ಈ ವಾದದ ಒಂದೊಂದು ಮಾತೂ ನಿಜ. ಅವುಗಳಿಂದ ಎಳೆದ ತೀರ್ಮಾನ ಮಾತ್ರ ತಪ್ಪು. ಆ ತಪ್ಪಿನ ಬೆಲೆಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಜನ ಈಗಾಗಲೇ ತೆರುತ್ತಿದ್ದಾರೆ.

ಬಹಳ ಹಿಂದಕ್ಕೆ ಹೋಗುವುದು ಬೇಡ. 2021ರ ಅಕ್ಟೋಬರ್ 11ರ ಸಂಜೆ ಸುರಿದ ಮಳೆಗೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮುಂದಿನ ರಸ್ತೆಗಳು ಜಲಾವೃತವಾದವು. ಪ್ರಯಾಣಿಕರು ಸೂಟ್‌ಕೇಸ್ ಹಿಡಿದು ಟ್ರ್ಯಾಕ್ಟರ್ ಏರಿ ಟರ್ಮಿನಲ್ ತಲುಪಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಅದರ ಮರುತಿಂಗಳು, ನವೆಂಬರಿನಲ್ಲಿ, ಹಳೇ ಮೈಸೂರು ಸೀಮೆಯುದ್ದಕ್ಕೂ ಎಡೆಬಿಡದ ಮಳೆ. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿತು, ತೆನೆಯಲ್ಲೇ ಮೊಳಕೆ ಒಡೆಯಿತು. ಹುಲ್ಲೂ ಕೊಳೆತಿದ್ದರಿಂದ ದನಗಳ ಮೇವಿಗೂ ಕುತ್ತು ಬಂತು. 2022ರ ಮಳೆಗಾಲದಲ್ಲಿ ದಶಕಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಊರ ಜನ ಸಂಭ್ರಮದಿಂದ ಬಾಗಿನ ಬಿಟ್ಟರು. ಆದರೆ ಕೋಡಿ ಹಾರಿದ ನೀರು ಮುಂದೆ ಹೋಗಬೇಕಾದ ಕಾಲುವೆ ಎಷ್ಟೋ ಕಡೆ ಜಾಗದಲ್ಲೇ ಇರಲಿಲ್ಲ. ಮಾರನೆಯ ವರ್ಷ ಎಲ್ಲವೂ ತಿರುಗಿಬಿತ್ತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು, ಅವುಗಳಲ್ಲಿ ಈ ಜಿಲ್ಲೆಯ ನಾಲ್ಕೂ ಸೇರಿದ್ದವು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದಾಗ ಟ್ಯಾಂಕರುಗಳು ಸುತ್ತಲಿನ ಹಳ್ಳಿಗಳ ಕೊಳವೆಬಾವಿಗಳ ಮುಂದೆ ಸಾಲುಗಟ್ಟಿದವು.

ಮೂರು ವರ್ಷದೊಳಗೆ ಅತಿವೃಷ್ಟಿ, ಅನಾವೃಷ್ಟಿ ಎರಡನ್ನೂ ಕಂಡ ನೆಲವನ್ನು ಏನೂ ಆಗದ ಜಿಲ್ಲೆ ಎಂದು ಕರೆಯಲು ಹೇಗೆ ಸಾಧ್ಯವಾಗುತ್ತದೆ? ವಿಪತ್ತನ್ನು ಹೆಣಗಳ ಲೆಕ್ಕದಲ್ಲಿ, ಟಿ.ವಿ. ದೃಶ್ಯಗಳ ಲೆಕ್ಕದಲ್ಲಿ ಅಳೆಯುವ ಅಭ್ಯಾಸದಿಂದ. ಒಂದೇ ರಾತ್ರಿ ನೂರು ಮನೆ ನೆಲಸಮವಾದರೆ ಅದು ವಿಪತ್ತು. ಹತ್ತು ವರ್ಷದಲ್ಲಿ ಒಂದು ಹೋಬಳಿಯ ಬೋರ್‌ವೆಲ್‌ಗಳೆಲ್ಲ ಬತ್ತಿ, ಸಾಲ ತೀರಿಸಲಾಗದ ರೈತ ಜಮೀನು ಮಾರಿ, ತನ್ನದೇ ಹೊಲದಲ್ಲಿ ಎದ್ದ ಗೋದಾಮಿಗೆ ಕಾವಲುಗಾರನಾಗಿ ಸೇರಿದರೆ ಅದಕ್ಕೆ ಯಾವ ಕಡತದಲ್ಲೂ ಹೆಸರಿಲ್ಲ. ಕೇಂದ್ರ ಸರ್ಕಾರ ವಿಪತ್ತು ಪರಿಹಾರ ನಿಧಿಗೆ ಅರ್ಹವೆಂದು ಗುರುತಿಸಿರುವ 12 ವಿಪತ್ತುಗಳಲ್ಲಿ ಸುನಾಮಿ ಇದೆ, ಹಿಮಪಾತ ಇದೆ. ಬರವೂ ಇದೆ, ಆದರೆ ಅದು ಒಂದೊಂದು ಹಂಗಾಮಿಗೆ ಘೋಷಣೆಯಾಗಿ ಮುಗಿಯುವ ಬರ. ಮುಂದಿನ ವರ್ಷ ಮಳೆಯಾದರೆ ಕಡತ ಮುಚ್ಚುತ್ತದೆ. ಸಾವಿರ ಅಡಿಗಿಂತ ಕೆಳಗಿಳಿದ ನೀರು ಮಾತ್ರ ಮೇಲೆ ಬರುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ. ಎಂದರೆ ವರ್ಷಕ್ಕೆ ಭೂಮಿಯೊಳಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಇಲ್ಲಿ ಮೇಲೆತ್ತಲಾಗುತ್ತಿದೆ, ವರ್ಷಾನುಗಟ್ಟಲೆಯಿಂದ.

ಈ ಸೀಮೆಯ ಹಿರಿಯರಿಗೆ ಇಂಥ ಮರೆವು ಇರಲಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದ ಹೆಸರು ತಲೆಮಾರುಗಳ ಮೇಲೂ ಜನರ ಬಾಯಲ್ಲಿ ಉಳಿದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ಎತ್ತರದ ಬಯಲೂ ಸೇರಿದ್ದ, ಚಂಡಮಾರುತವಿಲ್ಲದ, ಭೂಕಂಪವಿಲ್ಲದ ಸಂಸ್ಥಾನದಲ್ಲಿ ಅಷ್ಟು ಜನ ಇಲ್ಲವಾದರು. ಮೈದಾನವೆಂದರೆ ಕ್ಷೇಮ ಎನ್ನುವವರು ಈ ಒಂದು ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಸುರಕ್ಷಿತ ಎಂಬ ವಾದ ಸೋತಾಗ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ: ಹವಾಮಾನವೇ ಬದಲಾಗಿದೆ, ಮಳೆ ಮೊದಲಿನಂತಿಲ್ಲ, ಪ್ರಕೃತಿ ಮುನಿದರೆ ಮನುಷ್ಯ ಏನು ಮಾಡಿಯಾನು. ಇದು ಮೊದಲಿನದಕ್ಕಿಂತ ಹೆಚ್ಚು ಅಪಾಯಕಾರಿ. ಕೇಳಲು ವಿಜ್ಞಾನದ ಮಾತಿನಂತಿದ್ದು, ಕೆಲಸದಲ್ಲಿ ಅದು ಹೊಣೆಗಾರರನ್ನು ಪಾರುಮಾಡುತ್ತದೆ. ಹವಾಮಾನ ಬದಲಾಗುತ್ತಿರುವುದು ನಿಜ, ಮಳೆ ಕಡಿಮೆ ದಿನಗಳಲ್ಲಿ ಹೆಚ್ಚು ರಭಸದಿಂದ ಬೀಳುವ ಸಾಧ್ಯತೆ ಏರುತ್ತಿರುವುದೂ ನಿಜ. ಆದರೆ ಈ ಜಿಲ್ಲೆಯ ನೀರು ಹೋದದ್ದು ಎಲ್ಲಿಗೆ ಎಂಬುದಕ್ಕೆ ಈ ಜಿಲ್ಲೆಯ ನೆಲದ ಮೇಲೇ ನಡೆದ ತನಿಖೆಯೊಂದಿದೆ, ಅದರ ಉತ್ತರ ಬೇರೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳ ಸರಣಿಯನ್ನು ಹಾದು ಹೆಸರಘಟ್ಟಕ್ಕೆ ಬರುತ್ತದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ನೆಲಮಂಗಲದ ಕಡೆಯಿಂದ ಬಂದು ಅರ್ಕಾವತಿಯನ್ನು ಕೂಡುತ್ತದೆ. ಅವೆರಡರ ಸಂಗಮದಲ್ಲಿರುವ ತಿಪ್ಪಗೊಂಡನಹಳ್ಳಿ ಜಲಾಶಯ 1930ರ ದಶಕದಿಂದ ಬೆಂಗಳೂರಿಗೆ ನೀರುಣಿಸಿತು. 1975ಕ್ಕೆ ಮೊದಲು ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್‌ನಷ್ಟಿದ್ದ ಅದರ ಒಳಹರಿವು 2000ದ ನಂತರ 6.5 ಕೋಟಿ ಲೀಟರಿಗೆ ಕುಸಿಯಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತಿತರ ಸಂಶೋಧಕರು ಈ ಕುಸಿತದ ಬೆನ್ನುಹತ್ತಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾರಣವಾಗಿರಬಹುದಾದ ಐದು ಸಂಗತಿಗಳನ್ನು ಅವರು ಒಂದೊಂದಾಗಿ ಒರೆಗೆ ಹಚ್ಚಿದರು: ಮಳೆಯ ಬದಲಾವಣೆ, ಉಷ್ಣಾಂಶದ ಏರಿಕೆ, ಅಂತರ್ಜಲ ಎತ್ತುವಿಕೆ, ನೀಲಗಿರಿ ತೋಪುಗಳ ವಿಸ್ತರಣೆ, ಹಳ್ಳಗಳಿಗೆ ಅಡ್ಡಲಾಗಿ ಎದ್ದ ತಡೆಗಳು. ಮಳೆಯನ್ನಾಗಲಿ ತಾಪವನ್ನಾಗಲಿ ದೂರಲು ಅಂಕಿಅಂಶಗಳು ಒಪ್ಪಲಿಲ್ಲ. ಬೊಟ್ಟು ತಿರುಗಿದ್ದು ಕೊಳವೆಬಾವಿಗಳ ಕಡೆಗೆ, ನೀಲಗಿರಿಯ ಕಡೆಗೆ, ಅವೆರಡಕ್ಕಿಂತ ಸ್ವಲ್ಪ ಕಡಿಮೆ ಮಟ್ಟಿಗೆ ಹಳ್ಳದ ತಡೆಗಳ ಕಡೆಗೆ.

ಈ ಮೂರೂ ಮನುಷ್ಯರ ತೀರ್ಮಾನಗಳು. ನೀಲಗಿರಿ ಈ ಬಯಲಿಗೆ ಗಾಳಿಯಲ್ಲಿ ಹಾರಿಬಂದದ್ದಲ್ಲ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ವಿಶ್ವಬ್ಯಾಂಕಿನ ಹಣದೊಂದಿಗೆ, ಸರ್ಕಾರದ ಪ್ರೋತ್ಸಾಹದೊಂದಿಗೆ ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಅದು ನುಗ್ಗಿತು. ಅದನ್ನು ಹೊಸದಾಗಿ ನೆಡಬಾರದೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ಅಷ್ಟು ವರ್ಷ ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಗಳ ಜನ ನೀಲಗಿರಿ ತೋಪಿನ ಪಕ್ಕದ ಬಾವಿ ಬತ್ತುತ್ತದೆ ಎಂದು ಹೇಳುತ್ತಲೇ ಬಂದರು. ಆ ಮಾತನ್ನು ಯಾರಾದರೂ ಕುಳಿತು ಬರೆದುಕೊಂಡಿದ್ದರೆ ಅದೇ ಒಂದು ಅಪಾಯದ ಅಂದಾಜು ಆಗುತ್ತಿತ್ತು, ಮೂವತ್ತು ವರ್ಷ ಮೊದಲೇ.

ಮೂರನೆಯದೊಂದು ನೆಮ್ಮದಿಯ ಮಾತಿದೆ: ಹೊರಗಿನಿಂದ ನೀರು ಬರುತ್ತದೆ, ಬಂದರೆ ಎಲ್ಲ ಸರಿಹೋಗುತ್ತದೆ. ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದದ್ದು 2014ರಲ್ಲಿ. ಮೊದಲ ಹಂತದ ನೀರೆತ್ತುವಿಕೆಗೆ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು. ಈ ನಡುವೆ ವೆಚ್ಚದ ಅಂದಾಜು 23 ಸಾವಿರ ಕೋಟಿ ರೂಪಾಯಿ ದಾಟಿತು. ನೀರು ಬರುವ ಮೊದಲೇ ಭೈರಗೊಂಡ್ಲು ಜಲಾಶಯಕ್ಕಾಗಿ ದೊಡ್ಡಬಳ್ಳಾಪುರ, ಕೊರಟಗೆರೆ ತಾಲ್ಲೂಕುಗಳ ಹಳ್ಳಿಗಳಿಗೆ ಮುಳುಗಡೆಯ ಆತಂಕ ಬಂತು. ಇನ್ನೊಂದು ಕಡೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ದೇವನಹಳ್ಳಿಯ ಕಡೆಗೆ, ಅಲ್ಲಿಂದ ಮುಂದೆ ಚಿಕ್ಕಬಳ್ಳಾಪುರಕ್ಕೆ ಹರಿಯುತ್ತಿದೆ. ಅದು ಎರಡು ಹಂತಗಳಷ್ಟೇ ಶುದ್ಧೀಕರಿಸಿದ ನೀರು, ಮೂರನೆಯ ಹಂತ ಬೇಕೆಂಬ ರೈತರ ಬೇಡಿಕೆ ಇನ್ನೂ ಬಾಕಿಯಿದೆ. ಹೊರಗಿನ ನೀರು ಬೇಡವೆಂದು ಯಾರೂ ಹೇಳಬೇಕಿಲ್ಲ. ಬರುವ ನೀರಿನ ನಂಬಿಕೆಯ ಮೇಲೆ ಇರುವ ಕಾಲುವೆ ಮುಚ್ಚುವುದನ್ನು ಮಾತ್ರ ಒಪ್ಪಲಾಗದು.

ಈಗ ಅಳತೆಯ ವಿಷಯ. ಅಪಾಯದ ಅಂದಾಜು ಇಲ್ಲಿ ನಡೆಯುವುದೇ ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿರಬೇಕು, ಜಿಲ್ಲೆಗೊಂದು ಯೋಜನೆಯಿರಬೇಕು, ಅದರಲ್ಲಿ ಅಪಾಯಕ್ಕೀಡಾಗುವ ಪ್ರದೇಶಗಳನ್ನು ಗುರುತಿಸಿರಬೇಕು, ವರ್ಷವರ್ಷವೂ ಅದರ ಪರಿಷ್ಕರಣೆ ಆಗಬೇಕು. ತೊಂದರೆಯಿರುವುದು ಅಳತೆಗೋಲಿನ ಗಾತ್ರದಲ್ಲಿ. ಜಿಲ್ಲೆಯ ಸರಾಸರಿ ಮಳೆ ಎಂಬುದು ಕಾಗದದ ಮೇಲೆ ಮಾತ್ರ ಬೀಳುತ್ತದೆ. ಶಿವಗಂಗೆಯ ಬುಡದಲ್ಲಿ ಧಾರಾಕಾರ ಸುರಿದ ದಿನ ಹೊಸಕೋಟೆಯ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಹನಿಯೂ ಬೀಳದಿರಬಹುದು. ನೆರೆಯೂ ಹಾಗೆಯೇ, ಇಲ್ಲಿ ಅದು ತಾಲ್ಲೂಕಿನ ಮೇಲೆ ಬರುವುದಿಲ್ಲ. ಒಂದು ಕೆರೆಯ ಕೋಡಿಯ ಕೆಳಗೆ, ಒಂದು ಬೀದಿಯ ಮೇಲೆ ಬರುತ್ತದೆ.

ಆಡಳಿತವೇ ಊರಿಂದ ದೂರವಿದ್ದ ಜಿಲ್ಲೆ ಇದು. 1986ರ ಆಗಸ್ಟ್ 15ರಂದು ರಚನೆಯಾದ ಜಿಲ್ಲೆಗೆ ಮೂರು ದಶಕಗಳ ಕಾಲ ಕೇಂದ್ರ ಕಚೇರಿಯಿದ್ದದ್ದು ಬೆಂಗಳೂರು ನಗರದೊಳಗೆ. ದೇವನಹಳ್ಳಿ ಸಮೀಪದ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅದು ಸ್ಥಳಾಂತರಗೊಂಡದ್ದು ತೀರಾ ಈಚೆಗೆ. ಅಷ್ಟೂ ವರ್ಷ ಈ ನೆಲವನ್ನು ಬೆಂಗಳೂರಿನ ಸುತ್ತಲಿನ ಖಾಲಿ ಜಾಗವೆಂದೇ ನೋಡಲಾಯಿತು. ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶಗಳು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿ ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆ, ಎಲ್ಲವೂ ಹೊರಗಿನ ಅಗತ್ಯಕ್ಕೆ ಬಂದವು. ಬಂದದ್ದು ತಪ್ಪೆಂದು ಹೇಳಬೇಕಿಲ್ಲ. ಆದರೆ ಎತ್ತರಿಸಿದ ರಸ್ತೆಯೊಂದು ಹೊಲದ ನಡುವೆ ಹಾದಾಗ ಅದರ ಮೇಲ್ಭಾಗದ ನೀರು ಯಾವ ಮೋರಿಯಿಂದ ದಾಟುತ್ತದೆ, ಅಷ್ಟು ನೀರಿಗೆ ಆ ಮೋರಿ ಸಾಕೇ ಎಂಬ ಪ್ರಶ್ನೆಯನ್ನು ಆ ಹೊಲದವರಿಗೆ ಕೇಳಬೇಕಿತ್ತು. ಅವರಿಗೆ ಉತ್ತರ ಗೊತ್ತಿರುತ್ತದೆ.

ಒಂದು ಹಳ್ಳಿಯ ಅಪಾಯದ ಅಂದಾಜು ಎಲ್ಲಿಂದ ಶುರುವಾಗಬೇಕು? ಈ ಸೀಮೆಯಲ್ಲಿ ಅದು ಕೆರೆಯಿಂದಲೇ ಶುರುವಾಗಬೇಕು. ಇಲ್ಲಿನ ಕೆರೆಗಳು ಬಿಡಿಬಿಡಿಯಾಗಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಈ ಸರಣಿಯಲ್ಲಿ ಎಲ್ಲೇ ಒಂದು ಕೊಂಡಿ ಕಳಚಿದರೂ ಮೇಲೆ ನೆರೆ, ಕೆಳಗೆ ಬರ, ಎರಡೂ ಒಂದೇ ಮಳೆಗೆ. ಏರಿ ಎಲ್ಲಿ ಜೋಲಿದೆ, ತೂಬು ಕೆಲಸ ಮಾಡುತ್ತದೆಯೇ, ಕೋಡಿಯ ಬಾಯಿಗೆ ಯಾರಾದರೂ ಮಣ್ಣು ತುಂಬಿದ್ದಾರೆಯೇ, ಗ್ರಾಮ ನಕ್ಷೆಯಲ್ಲಿರುವ ಕಾಲುವೆ ನೆಲದ ಮೇಲೆ ಉಳಿದಿದೆಯೇ? ಒಂದು ಕಾಲಕ್ಕೆ ಇವೆಲ್ಲ ನೀರುಗಂಟಿಯ ತಲೆಯಲ್ಲಿರುತ್ತಿದ್ದ ಲೆಕ್ಕ. ನೀರುಗಂಟಿಯ ಕಾಯಕ ನಿಂತುಹೋದ ಮೇಲೆ ಆ ತಿಳಿವಳಿಕೆ ಯಾವ ಇಲಾಖೆಗೂ ವರ್ಗವಾಗಲಿಲ್ಲ. ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದು ಪಂಚಾಯಿತಿಯದು, ಕಾಲುವೆಯ ಖರಾಬು ಕಂದಾಯ ಇಲಾಖೆಯದು, ಪಕ್ಕದ ಲೇಔಟಿಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ. ನೀರಿಗೆ ಈ ವಿಂಗಡಣೆ ತಿಳಿಯದು.

ಆಮೇಲೆ ಜನರ ಲೆಕ್ಕ. ಏರಿಯ ಕೆಳಗೆ, ಕಾಲುವೆಯ ದಂಡೆಯಲ್ಲಿ ವಾಸವಿರುವವರು ಯಾರು? ಬಾಶೆಟ್ಟಿಹಳ್ಳಿ, ಹೊಸಕೋಟೆ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾದಿಂದ ಬಂದವರು ತಗಡಿನ ಶೆಡ್ಡುಗಳಲ್ಲಿ ಬಾಡಿಗೆಗಿರುತ್ತಾರೆ. ಊರ ಮತದಾರರ ಪಟ್ಟಿಯಲ್ಲಿ ಇಲ್ಲದ ಅವರು ಊರ ಅಪಾಯದ ಪಟ್ಟಿಯಲ್ಲಿ ಮೊದಲು ಬರಬೇಕು. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ವಾಸವೂ ಮಗ್ಗವೂ ಒಂದೇ ನೆಲದ ಮೇಲೆ. ಮೊಣಕಾಲುದ್ದ ನೀರು ಬಂದರೆ ಕೊಡಗಿನವರ ಕಣ್ಣಿಗೆ ಅದು ನೆರೆಯೇ ಅಲ್ಲ. ಆದರೆ ಪವರ್‌ಲೂಮಿನ ಮೋಟಾರು ಸುಟ್ಟು, ಹಾಸು ನೆನೆದರೆ ಆ ಕುಟುಂಬದ ತಿಂಗಳುಗಳ ದುಡಿಮೆ ಹೋಯಿತು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ದೇವನಹಳ್ಳಿ ಚಕ್ಕೋತಕ್ಕೂ ಸಿಕ್ಕಿದೆ. ಏಪ್ರಿಲ್, ಮೇ ತಿಂಗಳ ಅರ್ಧ ಗಂಟೆಯ ಆಲಿಕಲ್ಲು ಮಳೆ ಫಸಲಿಗೆ ಬಂದ ಒಂದು ದ್ರಾಕ್ಷಿ ತೋಟವನ್ನು ಮುಗಿಸಿಬಿಡುತ್ತದೆ. ಜಿಲ್ಲೆಯ ನಕ್ಷೆಯಲ್ಲಿ ಆ ತೋಟ ಒಂದು ಚುಕ್ಕೆಯೂ ಅಲ್ಲ.

ನೀರಿನ ಗುಣವೂ ಈ ಲೆಕ್ಕದಲ್ಲಿ ಸೇರಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಗ್ರಾಮ ಪಂಚಾಯಿತಿಗಳ ಜನ ತಮ್ಮ ಕೆರೆಗಳಿಗೆ ನಗರದ ಒಳಚರಂಡಿ ನೀರೂ ಕೈಗಾರಿಕೆಗಳ ತ್ಯಾಜ್ಯವೂ ಬಂದು ಸೇರುತ್ತಿದೆಯೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ. ಬೇಸಿಗೆಯಲ್ಲಿ ಅದು ಒಂದು ಊರಿನ ಗೋಳು. ಮಳೆ ಜೋರಾಗಿ ಕೋಡಿ ಬಿದ್ದರೆ ಅದೇ ನೀರು ಅರ್ಕಾವತಿಯ ಸರಣಿ ಹಿಡಿದು ಕೆಳಗಿನ ಊರುಗಳಿಗೆ ಇಳಿಯುತ್ತದೆ. ಮಾಲಿನ್ಯವನ್ನು ಒಂದು ಇಲಾಖೆ, ನೆರೆಯನ್ನು ಇನ್ನೊಂದು ಇಲಾಖೆ ನೋಡಿಕೊಳ್ಳುವವರೆಗೆ ಈ ಎರಡೂ ಕೂಡಿದಾಗಿನ ಅಪಾಯ ಯಾರ ಪಾಲಿಗೂ ಬರುವುದಿಲ್ಲ.

ಪಂಚಾಯಿತಿಗಳಿಗೆ ಇದನ್ನೆಲ್ಲ ಮಾಡುವ ಪರಿಣತಿ ಎಲ್ಲಿದೆ ಎಂಬ ಆಕ್ಷೇಪ ಸದಾ ಕೇಳಿಬರುತ್ತದೆ. ಉಪಕರಣಗಳ ವಿಷಯದಲ್ಲಿ ಕರ್ನಾಟಕ ಬಡರಾಜ್ಯವಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಈಗ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ, ವರುಣಮಿತ್ರ ಸಹಾಯವಾಣಿಯಲ್ಲಿ ರೈತರಿಗೆ ಹಗಲಿರುಳೂ ಮುನ್ಸೂಚನೆ ಕೊಡುತ್ತದೆ. ಹಾಗಾಗಿ ಯಾವ ಊರಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬುದು ಗೊತ್ತಿದೆ. ಅಷ್ಟು ಮಿಲಿಮೀಟರ್ ಬಿದ್ದರೆ ಯಾವ ಬೀದಿಗೆ ನೀರು ನುಗ್ಗುತ್ತದೆ ಎಂಬುದು ಆ ಬೀದಿಯವರಿಗೆ ಗೊತ್ತಿದೆ. ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆಯುವ ಕೆಲಸ ಮಾತ್ರ ಉಳಿದಿದೆ. ಕೇರಳದ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಕೇಂದ್ರ ಸ್ಥಳೀಯರ ನೆರವಿನಿಂದ 200ಕ್ಕೂ ಹೆಚ್ಚು ಕಡೆ ಮಳೆ ಅಳೆಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಮಣ್ಣುಪಾಲಾಗುವ ಮುನ್ನಾದಿನವೇ ಆ ಲೆಕ್ಕವನ್ನಿಟ್ಟುಕೊಂಡು ಅದು ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆಗೆ ತಕ್ಕಂತೆ ಜನರನ್ನು ತೆರವು ಮಾಡಿಸುವ ವ್ಯವಸ್ಥೆ ಅಂದು ಸೋತಿತು, ಅಳತೆ ಸೋಲಲಿಲ್ಲ. ನಮ್ಮ ರಾಜ್ಯದಲ್ಲೇ ಅಟಲ್ ಭೂಜಲ ಯೋಜನೆಯಡಿ 41 ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ತಮ್ಮ ಊರಿನ ನೀರಿನ ಆಯವ್ಯಯ ಬರೆಯುವುದನ್ನು ಕಲಿತಿವೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2022ರ ಮಾರ್ಚಿನಲ್ಲಿ ಹೊರತಂದ ವಿಪತ್ತು ನಿರ್ವಹಣಾ ಯೋಜನೆ ಹಳ್ಳಿಯಿಂದಲೇ ಯೋಜನೆ ಆರಂಭವಾಗಬೇಕೆಂದು ಹೇಳುತ್ತದೆ. ಪರಿಣತಿಯ ಕೊರತೆ ಎಂಬ ಮಾತು ಇಷ್ಟರ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು, ರೈತರಿಂದಲೇ ಬರುವಂಥದ್ದು. ಕಾಲುವೆ, ಕೆರೆಯಂಚು, ಮುಳುಗುವ ಜಾಗ ಎಂದೆಲ್ಲ ಬರೆದಿಟ್ಟರೆ ಜಮೀನಿನ ಬೆಲೆ ಬೀಳುತ್ತದೆ. ಬೋರ್‌ವೆಲ್ ಸಾಲದಲ್ಲಿರುವವನಿಗೆ ಜಮೀನೇ ಕೊನೆಯ ಆಸರೆ, ಅದಕ್ಕೂ ಕಲ್ಲು ಹಾಕುವುದೇ? ಈ ನೋವನ್ನು ತಳ್ಳಿಹಾಕುವಂತಿಲ್ಲ. ಆದರೆ ಮುಳುಗುವ ಜಾಗವೆಂದು ಬರೆಯದಿದ್ದರೆ ಅದು ಮುಳುಗದೆ ಇರುವುದಿಲ್ಲ. ನಷ್ಟ ಅದನ್ನು ತಿಳಿಯದೆ ಸೈಟು ಕೊಂಡ ಇನ್ನೊಂದು ಸಾಲಗಾರ ಕುಟುಂಬಕ್ಕೆ ವರ್ಗಾವಣೆಯಾಗುತ್ತದೆ, ಅಷ್ಟೆ. ನೀರಿಗೆ ಜಾಗ ಬಿಟ್ಟುಕೊಡುವ ರೈತನಿಗೆ ಪರಿಹಾರ ಕೊಡಬೇಕಾದದ್ದು ಆ ಜಾಗದಿಂದ ಉಪಯೋಗ ಪಡೆಯುವ ನಗರ. ಆ ಮಾತುಕತೆ ನಡೆಯಬೇಕಾದರೂ ಮೊದಲು ಜಾಗ ಗುರುತಾಗಬೇಕು.

ತಮ್ಮ ನೆಲದ ಬೆಲೆಯನ್ನು ಊರವರು ಬೇರೆ ರೀತಿಯಲ್ಲಿ ಲೆಕ್ಕ ಹಾಕಬಲ್ಲರು ಎಂಬುದಕ್ಕೆ ಸಾಕ್ಷಿ ಇದೇ ಜಿಲ್ಲೆಯಲ್ಲಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ಅಲ್ಲಿನ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ರಾಗಿ, ದ್ರಾಕ್ಷಿ, ತರಕಾರಿ, ಹಾಲು, ರೇಷ್ಮೆಯ ಲೆಕ್ಕವನ್ನು ಸರ್ಕಾರದ ಮುಂದಿಟ್ಟರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಅಷ್ಟು ನೆಲ ಒಮ್ಮೆಗೇ ಕಾಂಕ್ರೀಟಾದರೆ ಅಲ್ಲಿ ಇಂಗುತ್ತಿದ್ದ ಮಳೆ ಯಾರ ಮನೆಗೆ ಹರಿಯುತ್ತಿತ್ತು ಎಂಬ ಪ್ರಶ್ನೆಯನ್ನು ಸ್ವಾಧೀನದ ನೋಟಿಸು ಕೊಡುವ ಮೊದಲೇ ಸರ್ಕಾರ ಕೇಳಿಕೊಳ್ಳಬೇಕಿತ್ತು. ಅದನ್ನು ಕೇಳಿಸಲು ರೈತರು ಸಾವಿರಕ್ಕೂ ಹೆಚ್ಚು ದಿನ ರಸ್ತೆಯಲ್ಲಿರಬೇಕಾದದ್ದು ಅನ್ಯಾಯ.

ಇದೇ ವೇಳೆಗೆ ಇರುವ ಕಾವಲುಗಳೂ ಒಂದೊಂದಾಗಿ ಸಡಿಲವಾಗುತ್ತಿವೆ. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಅರ್ಕಾವತಿ, ಕುಮುದ್ವತಿಯ ದಂಡೆಗಳನ್ನು ರಕ್ಷಿಸುವ ಅಧಿಸೂಚನೆ 2003ರ ನವೆಂಬರ್ 18ರಂದು ಹೊರಬಿದ್ದಿತ್ತು, 2019ರಲ್ಲಿ ಅದನ್ನು ಸಡಿಲಿಸಲು ಸರ್ಕಾರ ಮುಂದಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವುದು ಸುಲಭವಾಯಿತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿದ ಕೆರೆ ಪ್ರಾಧಿಕಾರದ ತಿದ್ದುಪಡಿ ಮಸೂದೆ ಕೆರೆಯಂಚಿನ ಮೀಸಲು ಜಾಗವನ್ನು ಕೆರೆಯ ಗಾತ್ರಕ್ಕೆ ತಕ್ಕಂತೆ ಕುಗ್ಗಿಸಲು ಹೊರಟಿತು. ಚಿಕ್ಕ ಕೆರೆ, ಕುಂಟೆಗಳೇ ಸರಣಿಯ ತಲೆಯಲ್ಲಿರುವ ಜಿಲ್ಲೆಯಲ್ಲಿ ಚಿಕ್ಕದಕ್ಕೆ ಕಡಿಮೆ ಜಾಗ ಸಾಕೆನ್ನುವುದು ತಲೆಕೆಳಗಾದ ತರ್ಕ. ಇಂಥ ಒಂದೊಂದು ಬದಲಾವಣೆಯ ಹಿಂದೆಯೂ ಇರುವುದು ಅದೇ ಹಳೆಯ ನಂಬಿಕೆ, ಇಲ್ಲಿ ಏನೂ ಆಗುವುದಿಲ್ಲ ಎಂಬುದು.

ಆಗಬೇಕಾದ ಕೆಲಸಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಮುಂಗಾರಿಗೆ ಮೊದಲಿನ ಒಂದು ಗ್ರಾಮಸಭೆಯನ್ನು ಪ್ರತಿ ಪಂಚಾಯಿತಿಯೂ ಇದಕ್ಕೆಂದೇ ಕರೆಯಲಿ. ಗ್ರಾಮ ಆಡಳಿತಾಧಿಕಾರಿ ಗ್ರಾಮ ನಕ್ಷೆ ತರಲಿ, ಯಲಹಂಕದ ಕೇಂದ್ರ ಆ ಊರಿನ ಹತ್ತು ವರ್ಷದ ಮಳೆಯ ಲೆಕ್ಕ ಕಳಿಸಲಿ, ಊರ ಹಿರಿಯರು, ಹೆಂಗಸರು, ಶೆಡ್ಡಿನ ಬಾಡಿಗೆದಾರರು ನೀರು ನಿಂತ ಜಾಗ, ನೀರು ಬತ್ತಿದ ಬಾವಿ ತೋರಿಸಲಿ. ಅಲ್ಲಿ ಸಿದ್ಧವಾದ ಹಾಳೆ ಬೀರಸಂದ್ರದಲ್ಲಿ ಭೂಪರಿವರ್ತನೆಯ ಪ್ರತಿಯೊಂದು ಕಡತಕ್ಕೂ ಲಗತ್ತಾಗಲಿ, ಅದನ್ನು ಓದಿದ್ದಕ್ಕೆ ಮಂಜೂರಾತಿ ಕೊಡುವ ಅಧಿಕಾರಿ ಸಹಿ ಹಾಕಲಿ. ಮುಂದೆ ಆ ಜಾಗ ಮುಳುಗಿದರೆ ಯಾರ ಸಹಿ ಇತ್ತು ಎಂದು ಊರಿನವರು ಹೆಸರು ಹಿಡಿದು ಕೇಳಬಹುದು.